ಚಂದಾದಾರರ ಎಮ್ಮೆ

ಎಮ್ಮೆ ಕಳೆದುಹೋಗಲು ನಿಜವಾದ ಕಾರಣ ಹಾಳೆಯಲ್ಲಿ ಜಾಗ ಮುಗಿದದ್ದು. ಕೊನೆಯ ಪುಟದಲ್ಲಿ ಎರಡು ಸಾಲಿನಷ್ಟು ಜಾಗ ಉಳಿದಿತ್ತು. ಅಷ್ಟು ಜಾಗದಲ್ಲಿ ಧಾರಾವಾಹಿಯ ಗೌರವ್ವನಿಗೆ ಊಟ ಮಾಡಿಸಿ ಮಲಗಿಸಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಓದುವವರು ಮುಂದಿನ ವಾರಕ್ಕೆ ಕಾಯಬೇಕಲ್ಲ. 'ಬೆಳಿಗ್ಗೆ ಎದ್ದು ನೋಡಿದರೆ ಗೂಟದಲ್ಲಿ ಹಗ್ಗವಿತ್ತು, ಎಮ್ಮೆ ಇರಲಿಲ್ಲ' ಎಂದು ಬರೆದು ಸಂಗಮೇಶ ಪೆನ್ನಿನ ಟೋಪಿ ಮುಚ್ಚಿಬಿಟ್ಟ.

ಅವನ ಪತ್ರಿಕೆಯ ಹೆಸರು 'ಓಣಿ ಹಾಳೆ'. ಇಟ್ಟಮಡುವಿನಲ್ಲಿ ಯಾರೂ ಓಣಿ ಎನ್ನುವುದಿಲ್ಲ, ಕ್ರಾಸ್ ಎನ್ನುತ್ತಾರೆ. ರೋಣದ ಕಡೆಯಿಂದ ಬಂದವನಿಗೆ 'ಕ್ರಾಸ್ ಹಾಳೆ' ಎಂದು ಹೆಸರಿಡಲು ಮನಸ್ಸು ಬರಲಿಲ್ಲ. ಮೊದಲು ಗಿರಿನಗರದ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದ. ಅಲ್ಲಿಗೆ ಕಂಪ್ಯೂಟರ್ ಬಂತು, ಇವನ ಮೇಜಿನ ಮೇಲೇ ಕೂತಿತು, ಇವನು ಎದ್ದು ಬಂದ. ಆಮೇಲೆ ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ, ತನ್ನ ದುಂಡನೆಯ ಅಕ್ಷರದಲ್ಲಿ ನಾಲ್ಕು ಪುಟ ಬರೆದು, ಜೆರಾಕ್ಸ್ ಮಾಡಿಸಿ, ಹೆಂಡತಿ ರಾಜಶ್ರೀ ಮಡಚಿಕೊಟ್ಟದ್ದನ್ನು ಪ್ರತಿ ಶನಿವಾರ ಸಂಜೆ ಸೈಕಲ್ಲಿನಲ್ಲಿ ಮನೆಮನೆಗೆ ಹಾಕತೊಡಗಿದ. ನೀರು ಯಾವಾಗ ಬಿಡುತ್ತಾರೆ, ಯಾರ ಮನೆ ಹುಡುಗಿ ಪಾಸಾದಳು, ಕೆಮ್ಮಿಗೆ ಏನು ಕುಡಿಯಬೇಕು, ಕೊನೆಗೆ ಗೌರವ್ವನ ಧಾರಾವಾಹಿ. ಜಾಹೀರಾತು ಹಾಕುತ್ತಿರಲಿಲ್ಲ. ಹಾಲಿನವನಿಗೆ ಕೊಟ್ಟ ಹಾಗೆ ತಿಂಗಳ ಮೊದಲಿಗೆ ಓದುಗರೇ ಚಂದಾ ಕೊಡುತ್ತಿದ್ದರು. ಕೊಡಲಾಗದವರು ನುಗ್ಗೇಕಾಯಿ ಕೊಡುತ್ತಿದ್ದರು. ಬರೆದೇ ಮನೆ ನಡೆಸುತ್ತೇನೆಂದು ಹೇಳುವವರು ಬಹಳ, ನಡೆಸಿದವನು ಇವನು.

ಇದನ್ನು ನಂಬದವರೆಂದರೆ ರಾಜಶ್ರೀಯ ಸೋದರಮಾವ ನಿಂಗರಾಜ. ಕಲಾಸಿಪಾಳ್ಯದಲ್ಲಿ ಅವರ ಲಾರಿ ಆಫೀಸು. ಅಲ್ಲಿ ರಸೀದಿ ಬರೆಯುವ ಕುರ್ಚಿ ಖಾಲಿಯಾಗಿತ್ತು.

"ಐತವಾರ ಬಂದು ಕಣ್ಣಾರೆ ನೋಡ್ತೀನಿ," ಎಂದು ಮಾವ ಫೋನಿನಲ್ಲಿ ಹೇಳಿದ್ದರು. "ಆ ಹಾಳ್ಯಾಗಿಂದ ಸಂಸಾರ ನಡೀತದಂದ್ರ ನಾ ಬಾಯಿ ಮುಚ್ಚತೀನಿ. ಇಲ್ಲಂದ್ರ ಸೋಮವಾರದಿಂದ ನನ್ನ ಆಫೀಸಿನ್ಯಾಗ ಕುಂದರಬೇಕು. ಹಾಳಿ ಗೀಳಿ ಎಲ್ಲಾ ಬಂದ್."

ಆ ಭಾನುವಾರ ಮಾವನಿಗಿಂತ ಮೊದಲು ಬಂದವರು ಮನೆಯ ಮಾಲೀಕ ಚಿಕ್ಕಬೈರಪ್ಪ. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಒಂದು ಹಳೆಯ ಹಗ್ಗ.

"ಸಂಗಮೇಶಪ್ಪ, ಎಮ್ಮೆ ಸಿಕ್ತಾ?"

"ಇನ್ನೂ ಬರ್ದಿಲ್ರೀ."

"ಬರೆಯೋದು ಆಮೇಲೆ. ಸಿಕ್ತೋ ಇಲ್ವೋ ಹೇಳಿ. ರಾತ್ರಿಯೆಲ್ಲಾ ನಿದ್ದೆಯಿಲ್ಲ ನಂಗೆ."

ಲೇಔಟು ಬರುವ ಮುಂಚೆ ಚಿಕ್ಕಬೈರಪ್ಪನ ರಾಗಿ ಹೊಲ ಇದ್ದದ್ದು ಇಲ್ಲೇ, ಈ ಅಡುಗೆಮನೆ ಇರುವ ಜಾಗದಲ್ಲೇ. ಹೊಲ ಸೈಟಾಯಿತು, ಸೈಟು ಬಾಡಿಗೆ ಮನೆಯಾಯಿತು. ಕೊನೆಯ ಎಮ್ಮೆಯನ್ನು ವಸಂತಪುರದವರಿಗೆ ಕೊಟ್ಟು ಬಂದ ದಿನ ಊಟ ಮಾಡಿರಲಿಲ್ಲ. ಹಗ್ಗವನ್ನು ಮಾತ್ರ ಅಟ್ಟದ ಮೇಲೆ ಇಟ್ಟುಕೊಂಡಿದ್ದರು.

"ತಪ್ಪು ನಿಮ್ಮ ಗೌರವ್ವಂದು. ಗಂಟು ಸರಿಯಾಗಿ ಹಾಕಿಲ್ಲ. ಕೈ ಕೊಡಿ, ತೋರಿಸ್ತೀನಿ."

ಸಂಗಮೇಶ ಕೈ ಕೊಟ್ಟ. ಚಿಕ್ಕಬೈರಪ್ಪ ಹಗ್ಗವನ್ನು ಅವನ ಮಣಿಕಟ್ಟಿಗೆ ಸುತ್ತಿ, ಕಿಟಕಿಯ ಸರಳಿನ ಒಳಗಿಂದ ತಂದು, ಮತ್ತೆ ತಿರುಗಿಸಿ ಎಳೆದರು. "ನಮ್ಮಪ್ಪ ಕಲ್ಸಿದ ಗಂಟು. ಎಳೆದಷ್ಟೂ ಬಿಗಿಯಾಗತ್ತೆ. ಬಿಡಿಸೋದು ಇದ್ಯಲ್ಲಾ, ಅದು..."

ಹಿತ್ತಲಿನಿಂದ ಅವರ ಹೆಂಡತಿ ಮರಿಯಮ್ಮನ ದನಿ ಬಂತು. "ಏನಂದ್ರೆ, ಟ್ಯಾಂಕು ತುಂಬಿ ಹರೀತಾ ಐತೆ. ಮೋಟ್ರು ನಿಲ್ಸಿ ಬನ್ನಿ."

ಚಿಕ್ಕಬೈರಪ್ಪ ಓಡಿದರು. ಬಿಡಿಸುವ ವಿದ್ಯೆಯೂ ಅವರ ಜೊತೆಗೇ ಓಡಿತು.

ಸಂಗಮೇಶ ಎಳೆದ. ಗಂಟು ಮಾತು ಉಳಿಸಿಕೊಂಡಿತು. ರಾಜಶ್ರೀ ಉಗುರು ಹಾಕಿದಳು, ಹಲ್ಲು ಹಾಕಿದಳು, ಕೊಬ್ಬರಿ ಎಣ್ಣೆ ಹಾಕಿದಳು. ಎಣ್ಣೆಯಿಂದ ಹಗ್ಗಕ್ಕೆ ಹೊಳಪು ಬಂತು.

"ರೀ, ಈಳಿಗಿ ತರ್ಲೇನು?"

"ಬ್ಯಾಡ. ಈ ಹಗ್ಗ ಅವರ ಜೀವ ಐತಿ."

"ಮಾಮಾ ಬರೋ ಹೊತ್ತಾತು. ಅಂಗಿನರ ಬದಲಸ್ರಿ."

"ಹೆಂಗ ಬದಲಸ್ಲಿ? ತೋಳು ಕಿಟಕ್ಯಾಗ ಐತಿ."

ಅಷ್ಟರಲ್ಲಿ ಮೂಲೆಮನೆಯ ಚೂಡಾಮಣಿ ಮೇಡಂ ಒಳಗೆ ಬಂದರು. ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಸಂಗಮೇಶ ಕಿಟಕಿಗೆ ಆತುಕೊಂಡು ನಿಂತದ್ದನ್ನು ಅವರು ಲೇಖಕರ ಭಂಗಿಯೆಂದೇ ತಿಳಿದರು.

"ಯೋಚನೆ ಮಾಡ್ತಿದೀರಾ? ಮಾಡಿ. ಗೌರವ್ವ ಮೊದ್ಲು ಪೊಲೀಸ್ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ಬೇಕು. ಮಕ್ಕಳೂ ಓದ್ತಾರೆ, ಕಾನೂನು ಗೊತ್ತಾಗ್ಬೇಕು. ಇಡೀ ಮೂರನೇ ಸ್ಟೇಜಲ್ಲಿ ನಿಮಗೆ ಚಂದಾ ಮಾಡಿಸಿರೋದು ನಾನು, ಮರೀಬೇಡಿ."

"ಆಗ್ಲಿ ಮೇಡಂ," ಎಂದ ಸಂಗಮೇಶ. ಕಟ್ಟಿಹಾಕಿಸಿಕೊಂಡವನು ಇನ್ನೇನು ಹೇಳಲು ಸಾಧ್ಯ.

ಹಿಂದೆಯೇ ಟೇಲರ್ ಪಿಳ್ಳಣ್ಣ. "ಸಾರ್, ಕತೇಲಿ ಹಿಂದಿನ ಸಂಜೆ ಎಮ್ಮೇನ ದಿಟ್ಟಿಸಿ ನೋಡಿ ಹೋದೋನ ಮೇಲೇ ಈಗ ಎಲ್ಲರ ಅನುಮಾನ, ಅವ್ನನ್ನ ಟೇಲರ್ ಯಾಕ್ ಮಾಡಿದ್ರಿ? ನಿನ್ನೆಯಿಂದ ಗಿರಾಕಿಗಳು 'ಪಿಳ್ಳಣ್ಣ, ಎಮ್ಮೆಗೂ ಅಳತೆ ತಗೊಂಡ್ಯಾ' ಅಂತಾರೆ. ಮೊದ್ಲೇ ರೆಡಿಮೇಡ್ ಬಂದು ಅಂಗಡಿ ಖಾಲಿ."

"ಬದಲಸ್ತೀನಿ ಪಿಳ್ಳಣ್ಣ."

"ಪೋಸ್ಟ್‌ಮ್ಯಾನ್ ಮಾಡ್ಬಿಡಿ."

"ಪೋಸ್ಟ್‌ಮ್ಯಾನೂ ಚಂದಾದಾರ ಅದಾನೋ ಮಾರಾಯ."

ಸುದ್ದಿ ಹರಡಿತು. ಎಮ್ಮೆಯ ವಿಷಯ ಮಾತಾಡಲು ಲೇಖಕರು ಕಿಟಕಿಯಲ್ಲೇ ಸಿಗುತ್ತಾರೆ ಎಂದು ತಿಳಿದು ಕ್ರಾಸಿನ ಅರ್ಧ ಜನ ಕಾಂಪೌಂಡಿನಲ್ಲಿ ನಿಂತರು. ಒಬ್ಬಾಕೆ ಎಮ್ಮೆ ಕರುವಿನ ಜೊತೆ ಬರಲಿ ಎಂದಳು. ಇನ್ನೊಬ್ಬರು ಅದು ದೇವಸ್ಥಾನದ ಹಿಂದೆ ಸಿಗಲಿ ಎಂದರು. ಮತ್ತೊಬ್ಬರು, "ಸಿಗೋದೇ ಬೇಡ, ದೀಪಾವಳಿವರೆಗೂ ಹುಡುಕ್ಲಿ, ಮಜಾ ಇರತ್ತೆ," ಎಂದು ಬೈಸಿಕೊಂಡರು. ಎಲ್ಲರಿಗೂ ಸಂಗಮೇಶ 'ಆಗ್ಲಿ' ಎಂದ.

ಆಟೋದಿಂದ ಇಳಿದ ನಿಂಗರಾಜ ಮಾವ ಕಂಡದ್ದು ಇದನ್ನು: ಅಂಗಳದ ತುಂಬ ಕೂಗಾಡುವ ಜನ, ಕಿಟಕಿಗೆ ಹಗ್ಗದಿಂದ ಬಿಗಿದ ಅಳಿಯ.

ಮಾವನ ಮುಖ ಇಳಿಯಿತು. "ನಾ ಅವತ್ತೇ ಅಂದಿದ್ದೆ," ಎಂದು ನಿಟ್ಟುಸಿರು ಬಿಟ್ಟು, ಮೋಟರು ನಿಲ್ಲಿಸಿ, ಹರಿದ ನೀರನ್ನೆಲ್ಲ ಬಳಿದು ಆಗತಾನೇ ಒದ್ದೆ ಪಂಚೆಯಲ್ಲಿ ಬರುತ್ತಿದ್ದ ಚಿಕ್ಕಬೈರಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು. "ಯಜಮಾನ್ರ, ಇಂವ ನಿಮಗೆಲ್ಲಾ ಏನು ಕೊಡೋದೈತ್ರಿ?"

"ಒಂದು ಎಮ್ಮೆ," ಎಂದರು ಚಿಕ್ಕಬೈರಪ್ಪ.

ಎಮ್ಮೆ ಸಾಲ ಮಾಡಿದ ಲೇಖಕನನ್ನು ಮಾವ ಎಲ್ಲೂ ಕಂಡಿರಲಿಲ್ಲ. ಅವರು ಜಗುಲಿಯ ಮೇಲೆ ಕುಸಿದು ಕೂತರು. ಚಿಕ್ಕಬೈರಪ್ಪ ಹಗ್ಗದ ಒಂದು ತುದಿ ಹಿಡಿದು ಪುಸಕ್ಕೆಂದು ಎಳೆದರು, ಗಂಟು ಬಿಚ್ಚಿಕೊಂಡಿತು. ಅಷ್ಟರಲ್ಲಿ ಚೂಡಾಮಣಿ ಮೇಡಂ ಮಾವನ ಪಕ್ಕದಲ್ಲಿ ಕೂತು ಗೌರವ್ವನ ಕತೆಯನ್ನು ಮೊದಲಿನಿಂದ ಹೇಳತೊಡಗಿದ್ದರು.

"ಮನಿಮನಿಗೂ ಓದ್ತಾರೇನ್ರಿ ಇದನ್ನ?" ಮಾವ ಕೇಳಿದರು.

"ಬನ್ನಿ, ನೀವೇ ನೋಡೋರಂತೆ," ಎಂದು ಚಿಕ್ಕಬೈರಪ್ಪ ಅವರನ್ನು ಎಬ್ಬಿಸಿಕೊಂಡು ಹೊರಟರು. ಪಿಳ್ಳಣ್ಣನೂ ಬೆನ್ನು ಹತ್ತಿದ.

ಉಳಿದವರು ಮಧ್ಯಾಹ್ನದವರೆಗೆ ಸಂಗಮೇಶನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಮರಿಯಮ್ಮ ಮುದ್ದೆಯ ಜೊತೆ ಸಲಹೆಯನ್ನೂ ತಂದರು. ಕೊನೆಗೆ ಬಾಗಿಲು ಹಾಕಿಕೊಂಡು ಬರೆಯಲು ಕೂತ. ಒಂದು ಎಮ್ಮೆ ಒಂದೇ ವಾರದಲ್ಲಿ ಸ್ಟೇಷನ್ನಿನಲ್ಲೂ ಇರಬೇಕು, ದೇವಸ್ಥಾನದ ಹಿಂದೆಯೂ ಸಿಗಬೇಕು, ಕರು ಹಾಕಿಕೊಂಡು ತಾನಾಗಿಯೂ ಬರಬೇಕು, ದೀಪಾವಳಿವರೆಗೆ ಸಿಗಲೂಬಾರದು. ಹಾಳೆ ಹರಿದ, ಇನ್ನೊಂದು ತಗೊಂಡ, ಅದನ್ನೂ ಹರಿದ. ಎಣ್ಣೆ ಹತ್ತಿದ ಮಣಿಕಟ್ಟು ಉರಿಯುತ್ತಿತ್ತು.

"ರಾಜೀ, ನಾ ನಾಳಿಗೆ ಮಾಮಾನ ಆಫೀಸಿಗೆ ಹೋಗ್ತೀನಿ."

ರಾಜಶ್ರೀ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಖರೇನಾ?"

"ಲಾರಿ ರಸೀದಿ ಓದಿ ಯಾರೂ ಅಳಂಗಿಲ್ಲ. 'ಆರು ಮೂಟಿ ಮೆಣಸಿನಕಾಯಿ' ಅಂತ ಬರದ್ರ, 'ಯಾಕ ಆರು' ಅಂತ ಯಾರೂ ಮನಿಗೆ ಬರಂಗಿಲ್ಲ. ನನ್ನ ಕಡೆ ಆಗೋದಿಲ್ಲ ಮಾರಾಯ್ತಿ. ಇಷ್ಟು ಪ್ರೀತಿ ತಡಕೊಳ್ಳಾಕ ಬ್ಯಾರೆ ಎದಿ ಬೇಕು."

ಅವಳು ಎದ್ದಳು. ಟ್ರಂಕಿನಿಂದ ಅವನ ಬಿಳಿ ಅಂಗಿ ತೆಗೆದು ಇಸ್ತ್ರಿ ಮಾಡಲು ಕೂತಳು. ಒಂದೇ ತೋಳನ್ನು ಮತ್ತೆ ಮತ್ತೆ ತಿಕ್ಕಿದಳು.

ಸಂಜೆ ಮಾವ ಬಂದರು. ಕಂಕುಳಲ್ಲಿ ನುಗ್ಗೇಕಾಯಿ ಕಟ್ಟು, ಕೈಯಲ್ಲಿ 'ಓಣಿ ಹಾಳೆ'ಯ ಹಳೆಯ ಸಂಚಿಕೆಗಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮಾಮಾ," ಸಂಗಮೇಶ ಎದ್ದು ನಿಂತ, "ನಾನು ನಿಮ್ಮ ಮಾತಿಗೆ ಒಪ್ಪೀನ್ರಿ. ನಾಳಿಂದ ಆಫೀಸಿಗೆ..."

"ಬಾಯಿ ಮುಚ್ಚು," ಎಂದರು ಮಾವ. "ತಪ್ಪು ನಂದೈತಿ. ಹತ್ತು ಮನಿ ಹೊಕ್ಕೆ, ಹತ್ತೂ ಮನ್ಯಾಗ ಚಾ ಕೊಟ್ರು. ನಾ ಲಾರಿ ಓನರ್ ಅಂತಲ್ಲೋ, ನಿನ್ನ ಮಾವ ಅಂತ. ಇಂಥಾವನ್ನ ಕುಂದ್ರಿಸಿ ರಸೀದಿ ಬರಸಿದ್ರ ನನಗ ಪಾಪ ಹತ್ತತೈತಿ."

"ಹತ್ಲಿ ಬಿಡ್ರಿ ಮಾಮಾ. ಆ ಕುರ್ಚಿ..."

"ಕುರ್ಚಿ ಎಲ್ಲೈತಿ? ಪಿಳ್ಳಣ್ಣಗ ಕೊಟ್ಟೆ. ಪಾಪ, ಎಮ್ಮಿ ಕಳುವಿನಿಂದ ಅವನ ಅಂಗಡಿ ಹಾಳಾಗೇದಂತ. ನಾಳಿಂದ ನನ್ನ ಆಫೀಸಿನ್ಯಾಗ ಬರೀತಾನ."

ಸಂಗಮೇಶ ಕಿಟಕಿಯ ಸರಳು ಹಿಡಿದುಕೊಂಡ. ಈ ಸಲ ಯಾರೂ ಕಟ್ಟಿರಲಿಲ್ಲ.

ಮಾವ ಹತ್ತಿರ ಬಂದು ದನಿ ತಗ್ಗಿಸಿದರು. "ಇನ್ನೊಂದು. ನಾನೂ ಚಂದಾ ಮಾಡಸೀನಿ. ಎಮ್ಮಿನ ಲಾರ್ಯಾಗ ಹೇರಿಕೊಂಡು ಹೋದ್ರು ಅಂತ ಗಿಂತ ಬರದೀ, ನೋಡು. ನಮ್ಮ ದಂಧೆಕ್ಕ ಕೆಟ್ಟ ಹೆಸರು. ನಡಕೊಂಡ ಹೋಗಿರಬೇಕು."

ಮಾವನ ಆಟೋ ತಿರುವಿನಲ್ಲಿ ಮರೆಯಾಯಿತು. ಚಿಕ್ಕಬೈರಪ್ಪ ಹಗ್ಗವನ್ನು ಸುತ್ತಿ ಬಾಗಿಲ ಮೊಳೆಗೆ ನೇತುಹಾಕಿ, "ಇಲ್ಲೇ ಇರ್ಲಿ, ಎಮ್ಮೆ ಸಿಕ್ಕಾಗ ಬೇಕಾಗತ್ತೆ," ಎಂದು ಹೇಳಿ ಹೋದರು.

ಸಂಗಮೇಶ ಹೊಸ ಹಾಳೆ ತೆಗೆದು ಪೆನ್ನಿನ ಟೋಪಿ ಬಿಚ್ಚಿದ. ಇಸ್ತ್ರಿಯಾದ ಅಂಗಿಯನ್ನು ರಾಜಶ್ರೀ ಮತ್ತೆ ಟ್ರಂಕಿಗೆ ಹಾಕಿದಳು. ಹಾಡು ಗುನುಗುತ್ತ ಒಳಗೆ ಹೋದವಳು ಬಾಗಿಲಲ್ಲಿ ತಿರುಗಿ ನಿಂತಳು.

"ರೀ, ನಾ ಏನೂ ಹೇಳಂಗಿಲ್ಲ. ಬರಿಯೋರು ನೀವು."

"ಹೂಂ."

"ಎಮ್ಮಿ ಬಂದ್ರ ಹೆಣ್ಣು ಕರುವಿನ ಜೋಡಿ ಬರ್ಲಿ, ಅಷ್ಟ. ಹೆಸರು ನಾ ಇಟ್ಟೀನಿ."