ನೇಪಾಳಕ್ಕೆ ಹೋದ ನಮ್ಮ ಮನೆಯ ಓಟು

ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪೌರನೀತಿ ಪಾಠ ಮಾಡಿ ನಿವೃತ್ತನಾದವನು. ವಿಶ್ವಸಂಸ್ಥೆಗೆ ಅಂಗಗಳೆಷ್ಟು, ಭದ್ರತಾ ಮಂಡಳಿಯ ಚುನಾವಣೆಗೆ ದೇಶಗಳು ಓಟು ಹೇಗೆ ಕೇಳುತ್ತವೆ, ರಾಯಭಾರಿಗಳು ಯಾರನ್ನು ಊಟಕ್ಕೆ ಕರೆದು ಏನು ಮಾತಾಡುತ್ತಾರೆ, ಎಲ್ಲವೂ ನನಗೆ ಬಾಯಿಪಾಠ. ಇಷ್ಟೆಲ್ಲ ವಿದ್ಯೆ ತಲೆಯಲ್ಲಿಟ್ಟುಕೊಂಡು ನಾನು ಬಳ್ಳಾರಿಯಲ್ಲಿ ದಿನಾ ಪುಂಡಿಸೊಪ್ಪು ತರಲು ಹೋಗುತ್ತಿದ್ದೆ. ದೇಶಕ್ಕೆ ನನ್ನ ಅಗತ್ಯ ಬಿದ್ದಿರಲಿಲ್ಲ.

ಬಿತ್ತು! ನನ್ನ ಹೆಂಡತಿ ಗಿರಿಜಾ ಕೌದಿ ಹೊಲಿಯುವ ಹೆಂಗಸರ ಸಂಘವೊಂದನ್ನು ಕಟ್ಟಿದ್ದಾಳೆ. ಸಿರಿಗೇರಿ, ಕುರುಗೋಡಿನ ಹೆಂಗಸರು ಹಳೆ ಸೀರೆಯ ಚೂರು ಜೋಡಿಸಿ ಈ ಹೊದಿಕೆ ಹೊಲಿಯುತ್ತಾರೆ. ಕೈಹೊಲಿಗೆಯ ಹೆಂಗಸರದ್ದೇ ಒಂದು ಅಂತರರಾಷ್ಟ್ರೀಯ ಒಕ್ಕೂಟವಿದೆ. ಹತ್ತೊಂಬತ್ತು ದೇಶ, ದೇಶಕ್ಕೊಂದು ಓಟು. ಭಾರತದ ಓಟು ನಮ್ಮವರ ಸಂಘದ್ದು. ಈ ಸಲ ಅದರ ಅಧ್ಯಕ್ಷ ಸ್ಥಾನಕ್ಕೆ ಗಿರಿಜಾ ನಿಂತಳು. ಗೆದ್ದವರ ಊರಿನಲ್ಲೇ ಒಕ್ಕೂಟದ ಮುಂದಿನ ಹೊಲಿಗೆ ಮೇಳ ನಡೆಯುತ್ತದೆ.

ಈ ಮೇಳದ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟವಳು ಸಿರಿಗೇರಿಯ ಹುಚ್ಚಮ್ಮ. ಹಗಲು ಕೂಲಿ, ಸಂಜೆ ಹೊಲಿಗೆ, ಹೀಗೆ ನಲವತ್ತು ವರ್ಷ ಕಳೆದವಳು. "ಅಕ್ಕಾ, ಪರದೇಶದಾಕಿ ಒಬ್ಬಾಕಿ ನನ್ನ ಕೌದಿ ಮುಟ್ಟಿ ನೋಡಬೇಕು. ಅಷ್ಟಾದ್ರ ಸಾಕು ನನಗ," ಎಂದು ಗಿರಿಜಾಳ ಕೈ ಹಿಡಿದು ಹೇಳಿದ್ದಳು. ಅದನ್ನು ಕೇಳಿ ನನ್ನ ಕಣ್ಣೂ ಒದ್ದೆಯಾಗಿತ್ತು.

"ನೀನು ಹೊಲಿಗೆ ನೋಡಿಕೋ. ರಾಜತಾಂತ್ರಿಕ ವ್ಯವಹಾರ ನನಗೆ ಬಿಡು," ಎಂದೆ.

"ನೀವು ಸುಮ್ಮನಿದ್ರ ಅದ ದೊಡ್ಡ ವ್ಯವಹಾರ," ಎಂದಳು ಗಿರಿಜಾ.

ನಾನು ಸುಮ್ಮನಿರುವ ಜಾತಿಯಲ್ಲ. ಉಳಿದ ಹದಿನೆಂಟು ದೇಶಗಳಿಗೂ ಇಂಗ್ಲಿಷಿನಲ್ಲಿ ಪತ್ರ ಬರೆದೆ. ನನ್ನ ತಂತ್ರ ಶುದ್ಧ ನಮ್ಮೂರಿನದು: ಮುಯ್ಯಾಳು. ಇವತ್ತು ನಾವು ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನಮ್ಮ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ಕಾಗದವಿಲ್ಲ, ಬರೀ ಮಾತು. ಇದನ್ನೇ ಘನಗಂಭೀರವಾಗಿ, "ತಾವು ತಮ್ಮ ಅಮೂಲ್ಯ ಮತವನ್ನು ನಮಗೆ ಕರುಣಿಸಿದರೆ ನಮ್ಮ ಮತವೂ ತಮ್ಮದೇ ಎಂದು ಭಾವಿಸತಕ್ಕದ್ದು" ಎಂದು ಬರೆದೆ. ಹದಿನೆಂಟು ದೇಶಕ್ಕೂ ಒಂದೇ ಒಕ್ಕಣೆ. ಚುನಾವಣೆಗೆ ನೇಪಾಳದ ಪಬಿತ್ರಾ ಎಂಬಾಕೆಯೂ ನಿಂತಿದ್ದಾಳೆಂದು ಗಿರಿಜಾ ಎರಡು ಸಲ ಹೇಳಿದಳಂತೆ. ಪತ್ರದ ಭರದಲ್ಲಿದ್ದ ನಾನು ಎರಡು ಸಲವೂ "ಹೂಂ" ಎಂದೆನಂತೆ.

ಉತ್ತರಗಳು ಬಂದವು. "ತಮ್ಮ ಪತ್ರ ಓದಿ ಸಂತೋಷವಾಯಿತು." ಒಂದು ಓಟು! "ತಮ್ಮ ವಿನಂತಿಯನ್ನು ಆದರದಿಂದ ಪರಿಶೀಲಿಸುತ್ತೇವೆ." ಇನ್ನೊಂದು! "ನಿಮ್ಮ ಊರಿನಲ್ಲಿ ಸೆಕೆ ಹೇಗಿದೆ?" ಅದನ್ನೂ ಬರೆದುಕೊಂಡೆ. ಎಲ್ಲಕ್ಕಿಂತ ಆತ್ಮೀಯವಾದ ಉತ್ತರ ಬಂದಿದ್ದು ನೇಪಾಳದಿಂದ. "ನೀವು ನನಗೆ ಓಟು ಕೊಡುತ್ತೇನೆ ಎಂದದ್ದು ಓದಿ ಹೃದಯ ತುಂಬಿ ಬಂತು." ಅಲ್ಲಿಗೆ ನಮ್ಮದೂ ಸೇರಿ ನನ್ನ ಲೆಕ್ಕದಲ್ಲಿ ಹದಿಮೂರು ಓಟು ಗಟ್ಟಿಯಾದವು.

ಈ ಲೆಕ್ಕವನ್ನು ಬ್ರೂಸ್‌ಪೇಟೆಯಲ್ಲಿ ಕಟ್‌ಪೀಸ್ ಬಟ್ಟೆ ಮಾರುವ ಖಾಜಾಸಾಬರಿಗೆ ತೋರಿಸಿದೆ. ಅವರು ಒಮ್ಮೆ ವರ್ತಕರ ಸಂಘದ ಚುನಾವಣೆಗೆ ನಿಂತಿದ್ದವರು.

"ಮಾಸ್ತರ್, ಹೂಂ ಅಂದವರೆಲ್ಲ ಓಟು ಹಾಕಲ್ಲರಿ. ನನಗ ಮೂವತ್ತು ಮಂದಿ ಕೈಮ್ಯಾಲ ಕೈ ಇಟ್ಟು ಮಾತು ಕೊಟ್ಟಿದ್ರು. ಬಂದಿದ್ದು ನಾಕ. ಅದರಾಗ ಒಂದು ನಂದ!"

"ಅದು ಬ್ರೂಸ್‌ಪೇಟೆ ಸಾಬರೆ, ಇದು ಅಂತರರಾಷ್ಟ್ರೀಯ," ಎಂದು ನಕ್ಕು ಬಂದೆ.

ಓಟಿನ ದಿನ ಗಿರಿಜಾಗೆ ಕುರುಗೋಡಿನಲ್ಲಿ ಹೊಲಿಗೆ ತರಬೇತಿ ಇತ್ತು. ಬಸ್ಸು ಹಿಡಿಯುವ ಅವಸರದಲ್ಲಿ ಪಾಸ್‌ವರ್ಡ್ ಬರೆದ ಚೀಟಿ ಕೈಗಿಟ್ಟು, "ನನ್ನ ಹೆಸರಿನ ಮುಂದ ಒತ್ರಿ. ಮತ್ತೇನೂ ಮಾಡಬ್ಯಾಡ್ರಿ," ಎಂದಳು. ಇದಕ್ಕಿಂತ ಸರಳವಾದ ಕೆಲಸವನ್ನು ಮನುಷ್ಯನಿಗೆ ಯಾರೂ ಕೊಟ್ಟಿರಲಾರರು.

ಕಂಪ್ಯೂಟರಿನಲ್ಲಿ ಎರಡೇ ಹೆಸರು ಮೂಡಿದವು. ಒಂದು ನನ್ನ ಹೆಂಡತಿಯದು. ಇನ್ನೊಂದು ಪಬಿತ್ರಾ, ನೇಪಾಳ. ಈಕೆಗೆ ನಾನು ಬರಹದಲ್ಲಿ ಮಾತು ಕೊಟ್ಟಿದ್ದೇನೆ! ಈಕೆ ತನ್ನ ಓಟನ್ನು ನಮಗೆ ಹಾಕಿ, ನಾವು ನಮ್ಮದನ್ನು ನಮಗೇ ಹಾಕಿಕೊಂಡರೆ ಭಾರತದ ಮಾನ ಉಳಿಯುತ್ತದೆಯೆ? ಮುಯ್ಯಾಳಿಗೆ ಕರೆದವರೇ ಮೊದಲು ಹೋಗಬೇಕು, ಅದು ಪದ್ಧತಿ. ಹೇಗೂ ಹದಿಮೂರು ಓಟು ಗಟ್ಟಿ ಇವೆ. ಒಂದು ಹೋದರೆ ಹನ್ನೆರಡು. ಗೆಲುವೂ ನಮ್ಮದು, ದೊಡ್ಡತನವೂ ನಮ್ಮದು!

ಒತ್ತಿದೆ.

ತನ್ನ ವಿರುದ್ಧ ನಿಂತವಳಿಗೆ ಓಟು ಹಾಕಲು ಆಕೆಗೇನು ಹುಚ್ಚು ಹಿಡಿದಿದೆಯೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು.

ಸಂಜೆ ಗಿರಿಜಾ ಬಂದು, "ಹಾಕಿದ್ರೇನು?" ಎಂದಳು. "ಹಾಕಿದೆ," ಎಂದೆ. ಸುಳ್ಳು ಹೇಳಲಿಲ್ಲ. ಯಾರಿಗೆ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯ ಯಾವ ಹೆಂಡತಿಗೆ ಬೀಳುತ್ತದೆ!

ನಾಲ್ಕು ದಿನದ ನಂತರ ಫಲಿತಾಂಶ. ವೀಡಿಯೊ ಕರೆಯಲ್ಲಿ ಹೇಳುತ್ತಾರೆಂದು ಸಿರಿಗೇರಿಯ ಹುಚ್ಚಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಹುಚ್ಚಮ್ಮ ತನ್ನ ಹೊಸ ಕೌದಿಯನ್ನು ಗೋಡೆಗೆ ಕಟ್ಟಿ, ಅದು ಪರದೆಯಲ್ಲಿ ಕಾಣುತ್ತದೋ ಇಲ್ಲವೋ ಎಂದು ಮೂರು ಸಲ ನೋಡಿದ್ದಳು. ಇಂಗ್ಲಿಷನ್ನು ಕನ್ನಡಕ್ಕೆ ಮಾಡಿ ಹೇಳುವ ಭಾರ ನನ್ನದು.

ಗಿರಿಜಾಗೆ ಒಂಬತ್ತು. ಪಬಿತ್ರಾಗೆ ಹತ್ತು.

ಅಷ್ಟರಲ್ಲಿ ಪರದೆಯ ಮೇಲೆ ಪಬಿತ್ರಾ ಬಂದಳು. ನಗುಮುಖದ, ನಮ್ಮವರಂತೆಯೇ ಕುಂಕುಮ ಇಟ್ಟ ಹೆಣ್ಣುಮಗಳು. ಕೈ ಮುಗಿದು, ಕಣ್ಣು ಒರೆಸಿಕೊಂಡು ತುಂಬಾ ಹೊತ್ತು ಮಾತಾಡಿದಳು. ಭಾರತದ ಸೋದರಿಯರು ತಾವೇ ಸ್ಪರ್ಧೆಯಲ್ಲಿದ್ದೂ ಪತ್ರದಲ್ಲಿ ಮಾತು ಕೊಟ್ಟಂತೆ ತಮ್ಮ ಓಟನ್ನು ತನಗೆ ಕೊಟ್ಟರೆಂದೂ, ಆ ಒಂದು ಓಟಿನಿಂದಲೇ ತಾನು ಗೆದ್ದೆನೆಂದೂ, ಇಂಥ ದೊಡ್ಡ ಮನಸ್ಸನ್ನು ಎಲ್ಲೂ ಕಂಡಿಲ್ಲವೆಂದೂ ಹೇಳಿದಳು.

ಎಲ್ಲರೂ ನನ್ನ ಮುಖ ನೋಡಿದರು.

"ಎಲ್ಲರೂ ಚೆನ್ನಾಗಿರಿ ಅಂತಾರೆ," ಎಂದೆ.

"ಅಷ್ಟುದ್ದ ಮಾತಾಡಿದ್ಲು, ನೀವು ಇಷ್ಟ ಹೇಳಿದ್ರಿ?" ಎಂದಳು ಹುಚ್ಚಮ್ಮ.

ಗಿರಿಜಾಗೆ ಇಂಗ್ಲಿಷ್ ಮಾತಾಡಲು ಸಂಕೋಚ, ಅರ್ಥವಾಗುವುದಕ್ಕೆ ತೊಂದರೆಯಿಲ್ಲ. ಅವಳು ನನ್ನತ್ತ ತಿರುಗಲೇ ಇಲ್ಲ. "ಪೂರ್ತಿ ಹೇಳ್ರಿ. ಅವರಿಗೂ ತಿಳೀಲಿ," ಎಂದಳು.

ಹೇಳಿದೆ. ನನ್ನ ತಪ್ಪನ್ನು ನಾನೇ, ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ಮಾಡಿ ಹೇಳಿದೆ. ಜೀವನದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ಒಬ್ಬರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾರೂ ಬೈಯಲಿಲ್ಲ. ಹುಚ್ಚಮ್ಮ ಎದ್ದು, ಗೋಡೆಯ ಕೌದಿಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿದಳು. "ಇರ್ಲಿ ಬಿಡ್ರಿ ಸರ. ಆಕೀನೂ ಹೊಲಿಯಾಕಿನ ಅದಾಳ," ಎಂದು ನನಗೆ ಚಹಾ ತಂದುಕೊಟ್ಟಳು.

ಬಳ್ಳಾರಿಯಲ್ಲಿ ಬಸ್ಸು ಇಳಿಯುವಾಗ ಗಿರಿಜಾ ಆಡಿದ್ದು ಒಂದೇ ಮಾತು: "ಖಾಜಾಸಾಬರಿಗೆ ಅವರ ಓಟಾದ್ರೂ ಬಿದ್ದಿತ್ತು."

ತಿಂಗಳಾದ ಮೇಲೆ ಕುರುಗೋಡಿನಲ್ಲಿ ಸಂಘದ ಸಭೆ. ಮೇಳ ತಪ್ಪಿದ್ದರಿಂದ ಕೆಲವರಿಗೆ ಬೇಸರವಾಗಿ, ಸಂಘದ ಅಧ್ಯಕ್ಷೆಯಾಗಿದ್ದ ಗಿರಿಜಾಳನ್ನೇ ಬದಲಿಸೋಣ ಎಂಬ ಮಾತು ಎದ್ದಿತ್ತು. ತಪ್ಪು ನನ್ನದು, ಕುರ್ಚಿ ಹೋಗುವುದು ಅವಳದು! ನಾನು ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದೆ.

"ಗಿರಿಜಕ್ಕನ ಇರಲಿ ಅನ್ನವ್ರು ಕೈ ಎತ್ರಿ," ಎಂದಳು ಹುಚ್ಚಮ್ಮ.

ಒಂದೊಂದಾಗಿ ಕೈಗಳು ಎದ್ದವು. ನನಗೆ ಅಲ್ಲಿ ಓಟಿಲ್ಲ, ಗೊತ್ತು. ಆದರೂ ಮನಸ್ಸು ತಡೆಯದೆ, ಈ ಸಲವಾದರೂ ಸರಿಯಾಗಿ ಹಾಕೋಣವೆಂದು ಬಾಗಿಲಲ್ಲೇ ಕೈ ಎತ್ತಿದೆ. ಎಣಿಸುತ್ತಿದ್ದ ಹುಚ್ಚಮ್ಮ ನನ್ನನ್ನು ನೋಡಿ ಗಾಬರಿಯಿಂದ ಎದ್ದೇ ಬಂದಳು.

"ಸರ, ನಿಮ್ಮ ಕಾಲಿಗೆ ಬೀಳ್ತೀನಿ, ಕೈ ಇಳಸ್ರಿ. ಅಕ್ಕ ಗೆಲ್ಲಬೇಕು!"

ಇಳಿಸಿದೆ. ಗಿರಿಜಾ ಗೆದ್ದಳು.