ಒಂದೇ ಮನೆಗೆ ಇಬ್ಬರು ಸುಹಾಸ್

ವಿಜಯನಗರದಿಂದ ಕೆಂಗೇರಿಯವರೆಗೆ ಎಷ್ಟು ಸುಹಾಸ್‌ಗಳಿದ್ದಾರೋ ಅಷ್ಟೂ ಜನಕ್ಕೆ ಹೆಸರಿಟ್ಟವನು ನಾನೇ. ಸುಳ್ಳು. ಇಟ್ಟವರು ಅವರವರ ಅಪ್ಪ ಅಮ್ಮಂದಿರು. ನಾನು ಅವರ ಲೋಟ, ತಟ್ಟೆ, ಚೊಂಬಿನ ಮೇಲೆ ಅದನ್ನು ಕೊರೆದವನು, ಅಷ್ಟೆ. ಗೋವಿಂದರಾಜನಗರದ ಒಂದು ಪಾತ್ರೆ ಅಂಗಡಿಯ ಬಾಗಿಲಲ್ಲಿ ಸಣ್ಣ ಮೇಜು ಹಾಕಿಕೊಂಡು, ಪಾತ್ರೆಗೆ ಹೆಸರು ಹಾಕುವ ಮಿಷನ್ ಹಿಡಿದು ಕೂತಿರುವ ಮನುಷ್ಯ ನಾನು. ಒಂದು ಹೆಸರಿಗಾಗಿ ಜನ ಪಡುವ ಪಾಡು ದಿನಾ ನನ್ನ ಮೂಗಿನ ಕೆಳಗೇ ನಡೆಯುತ್ತಿರುತ್ತದೆ. ನಾನಾಗಿ ಏನೂ ಮಾಡೋದಿಲ್ಲ. ಸ್ವಲ್ಪ ಉಪ್ಪು ಖಾರ ಹಾಕ್ತೀನಿ.

೧. ಸ್ಕೂಲ್ ಗೇಟಿನ ಪರೀಕ್ಷೆ

ಸುಹಾಸ್ ಅಂದರೆ ಸಂಸ್ಕೃತದಲ್ಲಿ ಚೆಂದದ ನಗು ಇರುವವನು. ಕೊರೆಯುವವನ ಮಾತು ನಂಬಿ, ಇಂಥ ಹೆಸರು ಇನ್ನೊಂದಿಲ್ಲ. ಒತ್ತಕ್ಷರದ ಕಾಟ ಇಲ್ಲ, ಮಗುವಿನ ಪುಟ್ಟ ಲೋಟದಲ್ಲೂ ಹಿಡಿಸುತ್ತೆ. ಕೊರೆದು ಮುಗಿಸಿದಾಗ ನಮ್ಮ ಮುಖವೂ ಸ್ವಲ್ಪ ಸಡಿಲ ಆಗಿರುತ್ತೆ.

ಒಂದು ಸಂಜೆ ತಂಗಿ ಮಗನನ್ನು ಕರೆತರಲು ಬಸವೇಶ್ವರನಗರದ ಒಂದು ಸ್ಕೂಲಿಗೆ ಹೋಗಿದ್ದೆ. ಅವನ ಹೆಸರು ಬೇರೆ. ಆದರೂ ಬಾಯಿ ಸುಮ್ಮನಿರಲಿಲ್ಲ. ಮಕ್ಕಳೆಲ್ಲ ಹೊರಗೆ ಬರುವ ಹೊತ್ತಿಗೆ, "ಸುಹಾಸ್, ಬಾರೋ ಇಲ್ಲಿ" ಅಂತ ಕೂಗಿದೆ.

ಏಳು ಹುಡುಗರು ತಿರುಗಿದರು. ಒಬ್ಬ ಆಟೋದವನೂ ತಿರುಗಿದ. ಗೋಡೆ ಪಕ್ಕ ಐಸ್‌ಕ್ಯಾಂಡಿ ಚೀಪುತ್ತಿದ್ದ ಎಂಟನೆಯ ಹುಡುಗ ಮಾತ್ರ ತಿರುಗಲಿಲ್ಲ. ಪಕ್ಕದಲ್ಲಿದ್ದ ಅವರಮ್ಮ ಸಂಕೋಚದಿಂದ ಹೇಳಿದರು, "ಇವನೂ ಸುಹಾಸೇ ಸಾರ್. ಕರೆದ್ರೆ ತಿರುಗೋ ಅಭ್ಯಾಸ ಇಲ್ಲ."

೨. ಬೀರುವಿನಿಂದ ಬಂದ ಒಳಲೆ

ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿ ಒಂದು ಮನೆ. ಕೆಳಗೆ ಅತ್ತೆ, ಮೊದಲ ಮಹಡಿಯಲ್ಲಿ ದೊಡ್ಡ ಸೊಸೆ, ಅದರ ಮೇಲೆ ಚಿಕ್ಕ ಸೊಸೆ. ಇಬ್ಬರಿಗೂ ಹದಿನೈದು ದಿನದ ಅಂತರದಲ್ಲಿ ಗಂಡು ಮಗು. ಮೊದಲು ಚಿಕ್ಕವರಿಗೆ, ಆಮೇಲೆ ದೊಡ್ಡವರಿಗೆ. ಅಡುಗೆಯವರನ್ನು ಎರಡೆರಡು ಸಲ ಯಾರು ಕರೆಸ್ತಾರೆ ಅಂತ ಅತ್ತೆ ಎರಡೂ ನಾಮಕರಣ ಒಂದೇ ದಿನ ಇಟ್ಟರು.

ಈಗೆಲ್ಲ ತೊಟ್ಟಿಲಿಗೆ ಹಾಕುವವರೆಗೂ ಹೆಸರು ಗುಟ್ಟು. ಹೇಳಿದರೆ ಪಕ್ಕದ ಮನೆಯವರು ಮೊದಲು ಇಟ್ಟುಬಿಡುತ್ತಾರೆ ಅನ್ನೋ ಭಯ. ಆದರೆ ಪಾತ್ರೆಯ ಮೇಲೆ ಹೆಸರು ಮೊದಲೇ ಹಾಕಿಸಬೇಕಲ್ಲ? ಹಾಗಾಗಿ ತಾಯಿಗೆ ಗೊತ್ತಿರುತ್ತೆ, ನನಗೆ ಗೊತ್ತಿರುತ್ತೆ. ಗಂಡನಿಗೆ ಆಮೇಲೆ.

ಮೊದಲು ಬಂದವರು ದೊಡ್ಡ ಸೊಸೆ. ಹಳೇ ರೇಷ್ಮೆ ಬಟ್ಟೆ ಬಿಚ್ಚಿದರು. ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ. ಒಂದು ದಿನವೂ ಬಳಸಿಲ್ಲ, ಆದರೂ ಕಪ್ಪಗಾಗಿತ್ತು.

"ಯಾವಾಗ ತಗೊಂಡಿದ್ದಕ್ಕಾ?"

"ಮದುವೆಯಾದ ವರ್ಷ. ಒಂಬತ್ತು ವರ್ಷ ಆಯ್ತು."

"ಹೆಸರು?"

"ಅದೂ ಅವತ್ತೇ ಅಂದ್ಕೊಂಡಿದ್ದು. ಸುಹಾಸ್."

ಒಂಬತ್ತು ವರ್ಷ. ನಾನು ಒಂದು ಗುಟ್ಟನ್ನು ಒಂಬತ್ತು ಗಂಟೆ ಇಟ್ಟುಕೊಂಡವನಲ್ಲ. ಒಳಲೆಯನ್ನು ಬಟ್ಟೆಯಲ್ಲಿ ಒರೆಸತೊಡಗಿದೆ. ಒರೆಸುತ್ತಲೇ, "ಹೆಣ್ಣಾಗಿದ್ರೆ ಏನು ಮಾಡ್ತಿದ್ರಿ?" ಅಂದೆ.

"ಸುಹಾಸಿನಿ," ಅಂದರು. "ಅದಕ್ಕೆ ಸ್ವಲ್ಪ ಉದ್ದದ್ದೇ ತಗೊಂಡಿದ್ದು, ನೋಡಿ."

೩. ಇನ್ನೂರು ಅಮ್ಮಂದಿರು ಒಪ್ಪಿದ ಹೆಸರು

ಎರಡು ದಿನ ಕಳೆದು ಚಿಕ್ಕ ಸೊಸೆ ಬಂದರು. ನಾಮಕರಣಕ್ಕೆ ಬಂದವರಿಗೆಲ್ಲ ಕೊಡೋಕೆ ಅರವತ್ತು ಸ್ಟೀಲ್ ಲೋಟ ಆರಿಸಿ, "ಎಲ್ಲದರ ಮೇಲೂ ಮಗು ಹೆಸರು ಹಾಕಿ ಅಣ್ಣ. ಸುಹಾಸ್. ಯಾರಿಗೂ ಹೇಳ್ಬೇಡಿ, ನಮ್ಮಕ್ಕನಿಗಂತೂ ಬೇಡ," ಅಂದರು.

ಅಕ್ಕ ಅಂದರೆ ದೊಡ್ಡ ಸೊಸೆ. ಒಂದೇ ಮನೆಗೆ ಇಬ್ಬರು ಸುಹಾಸ್! ಗುಟ್ಟು ಒಡೆಯೋ ಹಾಗಿಲ್ಲ, ಹೆಸರನ್ನಾದರೂ ಕೆಡಿಸೋಣ ಅಂತ ಶುರು ಮಾಡಿದೆ.

"ಅರ್ಥ ಗೊತ್ತೇನಮ್ಮಾ? ನಗೋನು ಅಂತ. ಕ್ಲಾಸಲ್ಲಿ ನಗ್ತಾನೆ, ಮೇಷ್ಟ್ರು ಬೈದ್ರೆ ನಗ್ತಾನೆ, ಸಾವಿನ ಮನೇಲೂ ನಗ್ತಾನೆ."

"ನಗ್ಲಿ ಬಿಡಿ. ನಮ್ಮನೆಯವರ ಮುಖ ನೋಡಿದೀರಲ್ಲ. ಮನೇಲಿ ಒಬ್ಬರಾದ್ರೂ ನಗೋರು ಬೇಡ್ವಾ?"

"ತುಂಬಾ ಕಾಮನ್ ಕಣಮ್ಮ. ಹೇರೋಹಳ್ಳಿ ಒಂದರಲ್ಲೇ ಇನ್ನೂರು ಜನ ಇದಾರೆ." ಆ ಇನ್ನೂರು ಆಗಷ್ಟೇ ನನ್ನ ಬಾಯಲ್ಲಿ ಹುಟ್ಟಿದ್ದು.

"ಅಂದ್ರೆ ಇನ್ನೂರು ಅಮ್ಮಂದಿರು ಒಪ್ಪಿರೋ ಹೆಸರು. ಹಾಕಿ."

ಅಷ್ಟು ಹೇಳಿ ಮೇಜಿನ ಕಡೆ ಬಗ್ಗಿದರು. ನೋಡಿದರೆ, ಅವರ ಕಣ್ಣು ನನ್ನ ಮೇಜಿನ ಮೇಲಿದ್ದ ಒಳಲೆಯ ಮೇಲೆ. ತಿಕ್ಕಿ, ಹೆಸರು ಕೊರೆದು ಇಟ್ಟಿದ್ದೆ. ಅವರಿಗೆ ಕಾಣಲಿ ಅಂತಲೇ ಅಲ್ಲಿಟ್ಟಿದ್ದೆ ಅಂತ ಆಮೇಲೆ ಊರಿಗೆಲ್ಲ ಹೇಳಿದೆ. ನಿಜವಾಗಿ, ಒಳಗಿಡೋಕೆ ಮರೆತಿದ್ದೆ.

"ಇದು ನಮ್ಮಕ್ಕನ ಬೀರುದು," ಅಂದರು. "ಗೌರಿ ಹಬ್ಬಕ್ಕೆ ಬೀರು ಒರೆಸುವಾಗೆಲ್ಲ ನೋಡಿದೀನಿ. ಯಾಕಕ್ಕ ಇದು ಅಂತ ಒಂದ್ಸಲ ಕೇಳ್ದೆ. ಇರ್ಲಿ ಬಿಡು ಅಂದ್ರು." ಬೆಳ್ಳಿಯ ಮೇಲಿನ ಹೆಸರನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕೈ ಹಿಂದಕ್ಕೆ ತೆಗೆದು ಹೇಳಿದರು, "ಲೋಟಕ್ಕೆ ಬೇರೆ ಹೆಸರು ಹೇಳಿ ಅಣ್ಣ. ನಾನು ಇದನ್ನ ನೋಡ್ಲೂ ಇಲ್ಲ, ಬದಲಾಯಿಸ್ಲೂ ಇಲ್ಲ. ಯಾರಿಗೂ ಹೇಳಲ್ಲ ಅಂತ ನಿಮ್ಮ ಮಿಷನ್ ಮೇಲೆ ಆಣೆ ಮಾಡಿ."

ಮಾಡಿದೆ. ಹೊಟ್ಟೆ ಹೊರೆಯುವ ಮಿಷನ್ ಮೇಲಿನ ಆಣೆ, ತಮಾಷೆಯಲ್ಲ. "ವಿಹಾನ್ ಅಂತ ಇಡಿ. ಬೆಳಗಿನ ಜಾವ ಅಂತ ಅರ್ಥ."

"ಸರಿಯಾಗಿದೆ," ಅಂದರು. "ನಮ್ಮೋನು ಎದ್ದು ಕಿರುಚೋದು ಆಗಲೇ."

೪. ಸ್ಟೂಲಿನ ಕೆಳಗಿನ ಡಬ್ಬ

ಲೋಟ ಕೊರೆದು ಮುಗಿಸಿದ ದಿನವೇ ದೊಡ್ಡ ಸೊಸೆ ಒಳಲೆ ಒಯ್ಯಲು ಬಂದರು.

"ಅಣ್ಣ, ನನ್ನ ಮಗೂಗೆ ಇನ್ನೊಂದು ಹೆಸರು ಹೇಳಿ."

"ಯಾಕಕ್ಕಾ?"

"ನಮ್ಮ ಮೈದುನ ಮೆಟ್ಟಿಲ ಮೇಲೆ ಮಗು ಎತ್ಕೊಂಡು, ಸುಹಾಸ್, ಸುಹಾಸ್ ಅಂತ ಮುದ್ದು ಮಾಡ್ತಿದ್ರು. ಅವಳಿಗೂ ಅದೇ ಹೆಸರು ಇಷ್ಟ ಅಂತ ಕಾಣುತ್ತೆ. ಅವಳ ಮಗು ಮೊದಲು ಹುಟ್ಟಿದ್ದು. ಇಟ್ಕೊಳ್ಲಿ."

ಹೆಸರು ಬದಲಾದ ಸುದ್ದಿ ಚಿಕ್ಕ ಸೊಸೆಯ ಗಂಡನಿಗೆ ಇನ್ನೂ ತಲುಪಿರಲಿಲ್ಲ.

"ಮತ್ತೆ ಒಳಲೆ?"

"ಹೆಸರು ಸರಿಯಾಗೇ ಇದೆಯಲ್ಲ. ಅವಳ ಮಗೂಗೇ ಕೊಡ್ತೀನಿ."

ಹೇಳಿದ ರೀತಿ ಹೇಗಿತ್ತು ಅಂದರೆ, ಒಂದು ಸೌಟು ಸಾರು ಮೇಲಿನ ಮನೆಗೆ ಕಳಿಸ್ತೀನಿ ಅನ್ನೋ ಹಾಗೆ. ನಾನು ಒಂದು ಮಾತು ಆಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮಿಷನ್ ಮೇಲೆ ಆಣೆ. ಜೊತೆಗೆ, ಏನಾಗುತ್ತೋ ನೋಡೋಣ ಅನ್ನೋ ಹಾಳು ಆಸೆಯೂ ಇತ್ತು, ಒಪ್ಪಿಕೊಳ್ತೀನಿ. ಹೆಸರಿಗಾಗಿ ತಲೆಯೊಳಗೆಲ್ಲ ಹುಡುಕಿದೆ. ಅರವತ್ತು ಲೋಟ ಕೊರೆದ ತಲೆಯಲ್ಲಿ ಇನ್ನೇನಿರುತ್ತೆ? "ವಿಹಾನ್" ಅಂದುಬಿಟ್ಟೆ.

"ಚೆನ್ನಾಗಿದೆ. ಬೇರೆ ಯಾರಿಗಾದ್ರೂ ಹೇಳಿದೀರಾ?"

"ಒಬ್ಬರಿಗೂ ಇಲ್ಲಕ್ಕಾ," ಅಂದೆ. ಅರವತ್ತು ಲೋಟದ ಡಬ್ಬವನ್ನು ಕಾಲಲ್ಲಿ ಸ್ಟೂಲಿನ ಕೆಳಗೆ ಇನ್ನೊಂದಿಷ್ಟು ತಳ್ಳಿದೆ.

೫. ಅಕ್ಕಿ, ಬೆಳ್ಳಿ ಮತ್ತು ನನ್ನ ಲೋಟ

ನಾಮಕರಣದ ದಿನ ಮನೆ ಮುಂದೆ ಶಾಮಿಯಾನ. ಎರಡು ತೊಟ್ಟಿಲು, ಎರಡು ತಟ್ಟೆ ಅಕ್ಕಿ. ನಾನು ಗೇಟಿನ ಹತ್ತಿರದ ಕುರ್ಚಿ ನೋಡಿಕೊಂಡು ಕೂತೆ.

ಪುರೋಹಿತರು ಹೆಸರು ಬರೆಯಿರಿ ಅಂದರು. ದೊಡ್ಡ ಮಗ ಉಂಗುರ ಹಿಡಿದು ಅಕ್ಕಿಯ ಮೇಲೆ ಬರೆದ, ವಿಹಾನ್. ಚಿಕ್ಕ ಸೊಸೆ ಬಗ್ಗಿ ನೋಡಿ ಬೆಪ್ಪಾದರು. ಅಷ್ಟರಲ್ಲಿ ಪಕ್ಕದ ತಟ್ಟೆಯಲ್ಲಿ ಅವರ ಗಂಡನೂ ಬರೆದು ಮುಗಿಸಿದ್ದ, ವಿಹಾನ್.

ಪುರೋಹಿತರು ಎರಡೂ ತಟ್ಟೆ ನೋಡಿದರು. "ಒಂದೇ ಮಗೂಗೆ ಎರಡು ತೊಟ್ಟಿಲಾ?"

"ಅಕ್ಕಾ, ನೀವು ಸುಹಾಸ್ ಅಂತ ಇಡ್ಬೇಕಿತ್ತಲ್ಲ," ಅಂದರು ಚಿಕ್ಕ ಸೊಸೆ.

"ನೀನಲ್ವೇನೇ ಇಡ್ಬೇಕಿದ್ದು? ನಿನ್ನ ಮಗೂಗೆ ಅಂತ ಒಳಲೇನೂ ತಂದಿದೀನಿ."

"ನಾನು ನಿಮಗೆ ಅಂತ ಬಿಟ್ಟುಕೊಟ್ನಲ್ಲಕ್ಕಾ."

ಇಬ್ಬರೂ ಅಳೋಕೆ ಶುರು. ಅದನ್ನು ನೋಡಿ ಎರಡು ಮಕ್ಕಳೂ ಶುರು. ಅತ್ತೆ ಒಬ್ಬರೇ ಅಳಲಿಲ್ಲ. "ಈ ವಿಹಾನ್ ಅಂತ ಹೇಳ್ಕೊಟ್ಟೋರು ಯಾರು?" ಅಂದರು.

ಎರಡು ಕೈ ನನ್ನ ಕಡೆ ತಿರುಗಿದವು. ನನ್ನ ಕೈಯಲ್ಲಿ ಒಂದು ಲಾಡು ಇತ್ತು. ಇಡಿಯಾಗಿ ಬಾಯಿಗೆ ಹಾಕಿಕೊಂಡೆ, ಉತ್ತರ ಕೊಡೋ ಹಾಗೆ ಇರಬಾರದು ಅಂತ.

ಅತ್ತೆ, ದೊಡ್ಡ ಸೊಸೆಯ ಬೀರುವಿನಲ್ಲಿ ತಾವೂ ವರ್ಷವರ್ಷ ನೋಡಿದ್ದ ಒಳಲೆಯನ್ನು ಬೆಳಕಿಗೆ ಹಿಡಿದು ಓದಿದರು. ಹಂಚೋಕೆ ಅಂತ ತಂದಿಟ್ಟಿದ್ದ ಡಬ್ಬದಿಂದ ಒಂದು ಲೋಟ ತೆಗೆದು ಓದಿದರು. ಆಮೇಲೆ ದೊಡ್ಡ ಮಗನ ತಟ್ಟೆಯ ಅಕ್ಕಿಯನ್ನು ಅಂಗೈಯಲ್ಲಿ ಸವರಿ ಸಮ ಮಾಡಿದರು.

"ಅಕ್ಕೀದು ಅಳಿಸ್ಬಹುದು. ಬೆಳ್ಳೀದು, ಸ್ಟೀಲಿಂದು ಅಳಿಸೋಕಾಗಲ್ಲ. ಒಳಲೆ ಯಾವ ಮಗೂಗೆ ಅಂತ ಒಂಬತ್ತು ವರ್ಷ ಕಾದಿತ್ತೋ ಅದು ಸುಹಾಸ್. ಲೋಟ ಯಾವ ಮಗೂದೋ ಅದು ವಿಹಾನ್. ಬರಿಯೋ."

ಬರೆದ. ದೊಡ್ಡ ಸೊಸೆ ತೊಟ್ಟಿಲಿಗೆ ಬಗ್ಗಿ, ಒಂಬತ್ತು ವರ್ಷ ಮನೆಯಲ್ಲಿ ಯಾರ ಮುಂದೆಯೂ ಗಟ್ಟಿಯಾಗಿ ಅನ್ನದ ಹೆಸರನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಅಂದರು. ಎಲ್ಲರೂ ಆ ಚೆಂದದ ನಗುವಿಗೆ ಕಾದೆವು. ಮಗು ನಗಲಿಲ್ಲ, ಅವರ ಸೀರೆ ಮೇಲೆ ಉಚ್ಚೆ ಹೊಯ್ತು. ನಕ್ಕಿದ್ದು ಶಾಮಿಯಾನದಲ್ಲಿದ್ದವರು. ಚಿಕ್ಕ ಸೊಸೆಯ ಗಂಡ ಕೂಡ ನಕ್ಕ, ನಾನೇ ಕಣ್ಣಾರೆ ಕಂಡೆ.

ಊಟ ಮುಗಿಸಿ ಮೆಲ್ಲಗೆ ಜಾರಿಕೊಳ್ಳುವಾಗ ಅತ್ತೆ ಕರೆದರು. ಅಡುಗೆಮನೆಯಿಂದ ಹೆಸರಿಲ್ಲದ ಒಂದು ಲೋಟ ತಂದು ಕೈಗಿಟ್ಟರು. "ಇದು ನಿನಗೆ ಕಣಯ್ಯ. ನಿನ್ನ ಕೈಯಾರೆ ಹೆಸರು ಹಾಕ್ಕೋ."

"ಏನಂತ ಹಾಕ್ಲಿ ಅಮ್ಮಾ?"

"ಬಾಯಿ ಮುಚ್ಚು ಅಂತ. ದಪ್ಪ ಅಕ್ಷರದಲ್ಲಿ."

ಇದೇ ನೋಡಿ ಆ ಲೋಟ. ಈ ಟೀ ಅಂಗಡಿಯಲ್ಲೇ ಇಟ್ಟಿರ್ತೀನಿ. ಕುಡಿಯುವಾಗ ಅಕ್ಷರ ಸರಿಯಾಗಿ ಕಣ್ಣ ಮುಂದೆ ಬರುತ್ತೆ, ಆದರೂ ನಿಮಗೆ ಇಷ್ಟು ಹೇಳಿಬಿಟ್ಟೆ. ಇದರಲ್ಲಿ ಎಷ್ಟು ನಿಜ ಅಂತ ಮಾತ್ರ ಕೇಳ್ಬೇಡಿ. ಲೋಟ ನಂದು, ಅದು ನಿಜ. ಒಳಗಿದ್ದ ಟೀ ದುಡ್ಡು ನೀವೇ ಕೊಟ್ಬಿಡಿ ಸಾರ್.