ಮಾವನ ವ್ಯಾನಿಗೆ ಬಿಸಿ ಮುಟ್ಟಿಸಿದ್ದು

"ಭಾನುವಾರ ಮಧ್ಯಾಹ್ನದೊಳಗೆ ಆ ಹೀಟರು ಬಿಸಿಗಾಳಿ ಉಗುಳದಿದ್ರೆ ನನ್ನ ಗಡಿಯಾರದಂಗಡಿಗೆ ಬೀಗ ಹಾಕ್ತೀನಿ!"

ಅಳಿಯ ಹೆಂಡತಿಯ ಮುಂದೆ ಹೀಗೊಂದು ಘೋರ ಪ್ರತಿಜ್ಞೆ ಮಾಡಿದ. ಇಪ್ಪತ್ತೈದು ವರ್ಷ ಊರಿನವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದ ಕೈ. ಕಾಲವನ್ನೇ ಸರಿಪಡಿಸುವವನಿಗೆ ಒಂದು ಹೀಟರು ಯಾವ ಲೆಕ್ಕ?

ವ್ಯಾನು ಮಾವನದು. ಬೆನ್ನಲ್ಲಿ ಎಂಜಿನ್ನು, ಡ್ರೈವರ್ ಸೀಟಿನ ಹಿಂದೆಯೇ ಮಂಚ, ಮಂಚದಡಿ ಒಲೆ. ಎಂಜಿನ್ನೋ, ಒಂದು ತೊಟ್ಟು ನೀರು ಕೇಳದೆ ಬರೀ ಗಾಳಿ ಕುಡಿದು ತಣ್ಣಗಾಗುವ ಮಹಾತಪಸ್ವಿ! ಅದನ್ನು ಮೂವತ್ತು ವರ್ಷ ಓಡಿಸಿದ ಮಾವನಿಗೆ ಎಂಟು ತಿಂಗಳ ಹಿಂದೆ ಲಕ್ವ ಹೊಡೆದು, ಬಲಗೈಯೂ ಮಾತೂ ಒಂದೇ ದಿನ ರಾಜೀನಾಮೆ ಕೊಟ್ಟಿದ್ದವು. ತಿಂಗಳಿಗೊಮ್ಮೆ ಅವರನ್ನು ಆ ಮಂಚದ ಮೇಲೆ ಕೂರಿಸಿಕೊಂಡು ಗುಡ್ಡದಾಚೆಯ ಆಸ್ಪತ್ರೆಗೆ ಎರಡು ಗಂಟೆ ಹೋಗಬೇಕು. ಹೋದ ತಿಂಗಳು ತಲುಪುವಷ್ಟರಲ್ಲಿ ಚಳಿಗೆ ಅವರ ತುಟಿ ನೀಲಿಗಟ್ಟಿತ್ತು.

"ಇನ್ನೊಂದು ಸಲ ಹೀಗೆ ಥಂಡಿ ಹಿಡಿಸಿದ್ರೆ ನನ್ನ ಹತ್ರ ತರೋದೇ ಬೇಡ," ಎಂದಿದ್ದರು ಡಾಕ್ಟರು. ಮತ್ತೆಲ್ಲಿಗೆ ಒಯ್ಯಬೇಕೆಂದು ಅವರು ಹೇಳಲಿಲ್ಲ. ಇವರೂ ಕೇಳಲಿಲ್ಲ.

"ಮೆಕ್ಯಾನಿಕ್‌ಗೆ ತೋರಿಸೋಣ ರೀ."

"ಅವನಿಗೆ ಸುತ್ತಿಗೆ ಬಿಟ್ರೆ ಬೇರೆ ಭಾಷೆ ಬರಲ್ಲ ಕಣೇ. ಇದಕ್ಕೆ ಬೇಕಾಗಿರೋದು ಸೂಕ್ಷ್ಮ ಕೈ."

"ಹೋದ ವರ್ಷ ನಿಮ್ಮ ಸೂಕ್ಷ್ಮ ಕೈ ಮುಟ್ಟಿದ ಇಸ್ತ್ರಿಪೆಟ್ಟಿಗೆ ಈಗ ಬಾಗಿಲು ಹಾಕ್ಕೊಳ್ಳದ ಹಾಗೆ ಅಡ್ಡ ಇಡೋಕೆ ಬರ್ತಿದೆ."

ಭಾನುವಾರ ಬೆಳಿಗ್ಗೆ ಅಳಿಯ ವ್ಯಾನಿನಡಿ ನುಸುಳಿದ. ಎಂಜಿನ್ನಿನ ಹೊಗೆ ಸಾಗಿಸುವ ಕೊಳವೆಗಳು ನಿಗಿನಿಗಿ ಕಾಯುತ್ತವೆ. ಅವುಗಳಿಗೆ ತಗಡಿನ ಅಂಗಿ ತೊಡಿಸಿದ್ದಾರೆ. ಆ ಅಂಗಿಯೊಳಗೆ ಬಿಸಿಯಾದ ಗಾಳಿ ನೆಲದಡಿಯ ಪೈಪಿನಲ್ಲಿ ಹರಿದು ಒಳಗೆ ಬರಬೇಕು. ಪೈಪು ಬಿಚ್ಚಿ ನೋಡಿದರೆ, ಆಹಾ! ಹಳೇ ಕಂಬಳಿ ಚೂರುಗಳು! ಎರಡೂ ಕಡೆ ಗಿಡಿದು, ತಂತಿ ಬಿಗಿದು ಕೂರಿಸಿದ ಹಾಗಿವೆ.

ಗಡಿಯಾರದವನ ವೃತ್ತಿಧರ್ಮ ಒಂದೇ: ಯಂತ್ರದ ಹೊಟ್ಟೆಯೊಳಗೆ ಯಂತ್ರದ್ದಲ್ಲದ್ದು ಏನೇ ಇರಲಿ, ಅದು ಕೊಳೆ. ಕಿತ್ತು ಬಿಸಾಕು, ಒರೆಸು, ಮುಚ್ಚು.

"ಇಲಿ ಗೂಡು!" ಎಂದು ಘೋಷಿಸಿ ಎಲ್ಲವನ್ನೂ ಎಳೆದು ಹಾಕಿದ. ಇಲಿಗೆ ತಂತಿ ಬಿಗಿಯಲು ಬರುತ್ತದೆಯೇ ಎಂದು ಯೋಚಿಸುವಷ್ಟು ಪುರುಸೊತ್ತು ವೀರರಿಗೆಲ್ಲಿರುತ್ತದೆ?

ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದ ಮಾವ ಎಡಗೈಯ ಕೋಲಿನಿಂದ ನೆಲ ಕುಟ್ಟತೊಡಗಿದರು. "ಊಂ! ಊಂ!"

"ನೋಡೇ, ನಿಮ್ಮಪ್ಪ ಚಪ್ಪಾಳೆ ತಟ್ತಿದ್ದಾರೆ!"

"ಒಂದೇ ಕೈಲಾ?"

"ಅದಕ್ಕೇ ಕೋಲು."

ಮಾವನ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಎಂದು ಅಳಿಯ ತೀರ್ಪಿತ್ತ. ಎಂಜಿನ್ ಚಾಲೂ ಮಾಡಿ ಹೀಟರಿನ ಲಿವರ್ ಎಳೆದದ್ದೇ ತಡ, ಬಿಸಿಗಾಳಿ ಬುಸ್ಸೆಂದು ಒಳಗೆ ನುಗ್ಗಿತು!

ಮರುದಿನ ಗುಡ್ಡ ಹತ್ತುವಾಗ ಹೊರಗೆ ಹುಲ್ಲೆಲ್ಲ ಹಿಮಗಟ್ಟಿತ್ತು. ಒಳಗೆ ಅರಮನೆಯ ಸುಖ. ಮಾವ ಮಾತ್ರ ಎಡಗೈಯಿಂದ ಕಿಟಕಿ ಸರಿಸಿ ಸಂದಿಗೆ ಮೂಗಿಟ್ಟರು.

"ಅಪ್ಪಾ, ಥಂಡಿ!" ಪಕ್ಕದಲ್ಲಿ ಕೂತ ಮಗಳು ಮುಚ್ಚಿದಳು. ಮಾವ ತೆರೆದರು. ಅವಳು ಮುಚ್ಚಿದಳು. ಅವರು ತೆರೆದರು. ಮತ್ತೆ ಮುಚ್ಚಲು ಅವಳಿಗೆ ಕೈಯೇ ಏಳಲಿಲ್ಲ.

"ಯಾಕೋ ನಿದ್ದೆ ಎಳೀತಿದೆ ರೀ."

"ಎಳೀಲೇಬೇಕು! ಇಂಥ ಸುಖ ನಿಮ್ಮಪ್ಪನ ಕಾಲದಲ್ಲಿ ಇತ್ತಾ?"

"ತಲೆ ಸಿಡೀತಿದೆ."

"ಸುಖ ಅಭ್ಯಾಸ ಇಲ್ಲ ನಿಂಗೆ."

ಅದಕ್ಕೆ ಅವಳು ಏನೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕೊನೆಯ ಮಾತನ್ನು ಅವಳು ಗಂಡನಿಗೆ ಬಿಟ್ಟುಕೊಟ್ಟದ್ದು ಅದೇ ಮೊದಲು. ಅಲ್ಲಾದರೂ ಅಳಿಯನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವನಿಗೆ ರಸ್ತೆ ಎರಡೆರಡು ಕಾಣುತ್ತಿತ್ತು. ಎರಡರಲ್ಲಿ ಅಗಲವಾದದ್ದನ್ನು ಆರಿಸುವ ಯೋಚನೆಯಲ್ಲಿದ್ದಾಗ ನೆತ್ತಿಯ ಮೇಲೆ ಫಟ್ ಎಂದಿತು!

ಮಾವನ ಕೋಲು! ಇನ್ನೊಂದು ಬಿತ್ತು. ಅಳಿಯ ಗಾಬರಿಬಿದ್ದು ಬ್ರೇಕ್ ಒತ್ತಿದ. ವ್ಯಾನು ಪ್ರಪಾತದ ಅಂಚಿನ ಕಲ್ಲುಕಟ್ಟೆಗೆ ಮೂಗು ತಾಗಿಸಿ ನಿಂತಿತು.

"ಏನ್ ಮಾವ ಇದು!" ಎಂದು ಜಗಳಕ್ಕೆಂದು ಇಳಿದರೆ ಕಾಲು ನಿಲ್ಲಲಿಲ್ಲ. ರಸ್ತೆಯ ಮೇಲೆ ಬೋರಲು ಬಿದ್ದು ವಾಂತಿ ಮಾಡಿಕೊಳ್ಳುವಾಗ ವ್ಯಾನಿನ ಹೊಟ್ಟೆ ಕಂಡಿತು. ನಿನ್ನೆ ಇಲಿ ಗೂಡಿನ ಸಂಭ್ರಮದಲ್ಲಿ ಅವನ ಕಣ್ಣಿಗೇ ಬೀಳದಿದ್ದದ್ದು ಈಗ ಬಿತ್ತು: ತುಕ್ಕು ಹಿಡಿದ ತಗಡಿನ ಅಂಗಿ ಹರಿದಿತ್ತು, ಒಳಗಿನ ಕೊಳವೆ ಜರಡಿಯಾಗಿತ್ತು. ಎಂಜಿನ್ನಿನ ವಿಷವೆಲ್ಲ ಅಲ್ಲಿಂದ ಸೋರಿ ನೆಟ್ಟಗೆ ಒಳಗೆ. ಕಂಬಳಿ ಗಿಡಿದದ್ದು ಇಲಿಯಲ್ಲ, ಮಾವ! ಚಳಿಯಲ್ಲಿ ನಡುಗಿದರೂ ಸರಿ, ಮನೆಮಂದಿಯೆಲ್ಲ ಹೊಗೆ ಹಾಕಿಸಿಕೊಳ್ಳಬಾರದು ಎಂದು.

"ಏಳೇ! ಏಳೇ!" ಎಂದು ಕೂಗಲು ಹೋದ. ಮಾತು ಹೊರಡಲಿಲ್ಲ. ತಲೆಯೆತ್ತಿ ನೋಡಿದರೆ, ಮಾವ ಇದ್ದೊಂದು ಕೈಯಲ್ಲಿ ಮಗಳ ಜಡೆ ಹಿಡಿದು ಅವಳ ಮುಖವನ್ನು ತೆರೆದ ಕಿಟಕಿಗೆ ಒತ್ತಿ ಹಿಡಿದಿದ್ದರು. ಅವಳ ತಲೆ ಚೀಲದಂತೆ ಜೋಲುತ್ತಿತ್ತು. ಅಳಿಯ ತೆವಳಿಕೊಂಡು ಬಾಗಿಲ ಹತ್ತಿರ ಬಂದು, ಕೈ ಚಾಚಿ ಎಂಜಿನ್ ಆರಿಸಿದ. ಎಷ್ಟು ಹೊತ್ತಾಯಿತೋ, ಕಾಲ ಅಳೆಯುವವನಿಗೂ ತಿಳಿಯಲಿಲ್ಲ.

ಅವಳು ಕೆಮ್ಮಿದಳು. ಅಷ್ಟು ಇಂಪಾದ ಸಂಗೀತ ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಹಿಂದೆ ಬಂದ ಹಾಲಿನ ಗಾಡಿಯವನು ಮೂವರನ್ನೂ ಆಸ್ಪತ್ರೆ ಮುಟ್ಟಿಸಿದ. ಡಾಕ್ಟರು ಮಾವನ ಎದೆಗೆ ಸ್ಟೆತಸ್ಕೋಪು ಇಟ್ಟು, "ಇವರ ಉಸಿರು ನನ್ನದಕ್ಕಿಂತ ಚೆನ್ನಾಗಿದೆ!" ಎಂದರು. ಗಂಡ ಹೆಂಡಿರನ್ನು ಅಕ್ಕಪಕ್ಕದ ಹಾಸಿಗೆಗಳಲ್ಲಿ ಕೆಡವಿ ಮೂಗಿಗೆ ಆಕ್ಸಿಜನ್ ಕಟ್ಟಿದರು. ನರ್ಸು ಫಾರಂ ಹಿಡಿದು ಬಂದರು.

"ಪೇಷಂಟ್ ಜೊತೆ ಜವಾಬ್ದಾರಿಯುಳ್ಳ ದೊಡ್ಡವರು ಯಾರಿದ್ದೀರಿ?"

ಅಳಿಯ ಅಭ್ಯಾಸಬಲದಿಂದ ಕೈಯೆತ್ತಿದ. ನರ್ಸು ಆ ಕೈಗೆ ಸೂಜಿ ಚುಚ್ಚಿ, ಗಾಲಿಕುರ್ಚಿಯ ಕಡೆ ತಿರುಗಿದರು.

"ನೀವೇ ಅಲ್ವಾ ಸರ್? ಇವರು ನಿಮ್ಮ ಅಳಿಯನಾ?"

"ಅಳಿಯ ಅಲ್ಲ, ಮಗಳ ಗಂಡ," ಎಂದಿತು ಪಕ್ಕದ ಹಾಸಿಗೆಯ ಮಾಸ್ಕು.

ಮಾವ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದರು. ನರ್ಸು ಫಾರಮ್ಮಿನ ಕೊನೆಯ ಸಾಲಿಗೆ ಬಂದರು.

"ಪೇಷಂಟ್‌ಗೆ ಮೊದಲು ಬುದ್ಧಿ ನೆಟ್ಟಗಿತ್ತಾ ಸರ್?"

ಮಾವ ಅಳಿಯನನ್ನು ತುಂಬ ಹೊತ್ತು ನೋಡಿದರು. ಆಮೇಲೆ, ಅಪಾರ ಕರುಣೆಯಿಂದ, ತಲೆಯನ್ನು ನಿಧಾನವಾಗಿ ಅತ್ತಿಂದಿತ್ತ ಆಡಿಸಿದರು.

ನರ್ಸು ಹಾಗೆಯೇ ಬರೆದುಕೊಂಡರು.